ಕಚ್ಚಿದ್ದಕ್ಕೆ ಸಾಕ್ಷಿ ಇಲ್ಲ, ಬೆಂಕಿ ಹಚ್ಚಿದ್ದಕ್ಕೆ ಬೇಕಾದಷ್ಟಿದೆ

2011ರ ಸ್ಟಾನ್ಲಿ ಕಪ್ ಫೈನಲ್ ಅಂದರೆ ನನಗೆ ಮೊದಲು ನೆನಪಾಗುವುದು ಗೋಲಲ್ಲ, ಬೆರಳು. ಐಸ್ ಹಾಕಿಯ ಈ ಕಪ್ಪಿಗಾಗಿ ಕೆನಡಾದ ವ್ಯಾಂಕೂವರ್ ಕನಕ್ಸ್ ಮತ್ತು ಅಮೆರಿಕದ ಬಾಸ್ಟನ್ ಬ್ರೂಯಿನ್ಸ್ ಏಳು ಪಂದ್ಯ ಆಡಿದವು. ಮೊದಲನೆಯದರಲ್ಲೇ ಕನಕ್ಸ್‌ನ ಅಲೆಕ್ಸ್ ಬರೋಸ್, ಬಾಸ್ಟನ್ನಿನ ಪ್ಯಾಟ್ರಿಸ್ ಬರ್ಜೆರಾನ್ ಬೆರಳು ಕಚ್ಚಿದರು ಅಂತ ಗಲಾಟೆ. ಟಿವಿಯಲ್ಲಿ ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿದರು. ಲೀಗಿನವರೂ ನೋಡಿದರು, ನೋಡಿ, ಬೇಕಂತಲೇ ಕಚ್ಚಿದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲ ಅಂದರು. ಬೆರಳಿಗೇ ಬಾಯಿಗೆ ಹೋಗುವ ಆಸೆ ಇತ್ತೇನೋ, ಪಾಪ. ಮುಂದಿನ ಪಂದ್ಯದಲ್ಲಿ ಅದೇ ಬರೋಸ್ ಎರಡು ಗೋಲು ಹೊಡೆದು, ಓವರ್‌ಟೈಮಿನ 11ನೇ ಸೆಕೆಂಡಿಗೆ ತಂಡವನ್ನು ಗೆಲ್ಲಿಸಿಯೂ ಬಿಟ್ಟರು.

ಆಮೇಲೆ ಬಾಸ್ಟನ್ನಿಗೆ ಹೋಗಿ 8-1, 4-0 ಸೋಲು. ಏಳು ಪಂದ್ಯದಲ್ಲಿ ಕನಕ್ಸ್ ಹೊಡೆದದ್ದು ಒಟ್ಟು 8 ಗೋಲು, ತಿಂದದ್ದು 23. ಇಷ್ಟರಲ್ಲೇ ಮೂರು ಪಂದ್ಯ ಗೆದ್ದಿದ್ದರು ಅನ್ನುವುದೇ ಪವಾಡ! ಜೂನ್ 15ರಂದು ಕೊನೆಯದನ್ನು ತಮ್ಮೂರಲ್ಲೇ 4-0ರಿಂದ ಸೋತರು.

ಸೋಲಿಸಿದವರು ಬಾಸ್ಟನ್ನಿನವರು. ಆ ಊರು ಖಂಡದ ಇನ್ನೊಂದು ತುದಿಗಿದೆ, ಅಷ್ಟು ದೂರ ಯಾರು ಹೋಗ್ತಾರೆ? ಕೈಲಾಗದವ ಮೈಯೆಲ್ಲ ಪರಚಿಕೊಂಡ ಅನ್ನೋ ಹಾಗೆ ಒಂದಷ್ಟು ಜನ ಸ್ವಂತ ಊರಿನಲ್ಲೇ ಪೊಲೀಸ್ ಕಾರುಗಳಿಗೆ ಬೆಂಕಿ ಹಚ್ಚಿ, ಅಂಗಡಿಗಳ ಗಾಜು ಒಡೆದು ಒಳಗೆ ನುಗ್ಗಿದರು. ಹೊಸ ವಿದ್ಯೆ ಏನಲ್ಲ, 1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಏಳನೇ ಪಂದ್ಯ ಸೋತಾಗಲೂ ಇದೇ ಆಗಿತ್ತು.

ಹೊಸದು ಅಂದರೆ ಕೈಯಲ್ಲಿದ್ದ ಫೋನು. ನಮ್ಮ ಕಡೆ ಕಳ್ಳ ಕನ್ನ ಹಾಕುವಾಗ ಮುಖಕ್ಕೆ ಟವಲಾದರೂ ಸುತ್ತಿಕೊಳ್ಳುತ್ತಾನೆ. ಇಲ್ಲಿ ಎಷ್ಟೋ ಮಂದಿ ತಂಡದ ಜೆರ್ಸಿ ಹಾಕಿಕೊಂಡು, ಉರಿಯುವ ಕಾರಿನ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು, ಫೇಸ್‌ಬುಕ್ಕಿಗೂ ಹಾಕಿದರು. ಪೊಲೀಸರ ಕೈಗೆ ಸಾವಿರಾರು ಗಂಟೆಗಳ ವಿಡಿಯೋ ಸಿಕ್ಕಿತು. ಅದನ್ನೆಲ್ಲ ನೋಡಿ ಮುಗಿಸುವುದೇ ದೊಡ್ಡ ತಲೆನೋವಾಗಿ, ಕೇಸುಗಳು ವರ್ಷಗಟ್ಟಲೆ ಎಳೆದವು. ಕೊನೆಗೆ ಸುಮಾರು 300 ಜನರ ಮೇಲೆ ಆರೋಪ ಬಿತ್ತು, ಬಹುತೇಕರು ತಪ್ಪು ಒಪ್ಪಿಕೊಂಡರು. ಒಪ್ಪದೆ ಇನ್ನೇನು ಮಾಡ್ತಾರೆ, ಸಾಕ್ಷಿ ಹೇಳಿದ್ದೂ ಅವರೇ ಅಲ್ವಾ?

ಮಾರನೇ ಬೆಳಿಗ್ಗೆ ಮಾತ್ರ ಊರಿನ ಉಳಿದ ಜನ ಪೊರಕೆ ಹಿಡಿದು ಬಂದು ಬೀದಿ ಗುಡಿಸಿದರು. ಹಡ್ಸನ್ಸ್ ಬೇ ಅಂಗಡಿಯ ಒಡೆದ ಕಿಟಕಿಗಳಿಗೆ ಹೊಡೆದಿದ್ದ ಪ್ಲೈವುಡ್ ಮೇಲೆ ಕ್ಷಮೆ ಕೇಳಿ ಬರೆದರು, ಜಾಗ ಸಾಲದಷ್ಟು ಬರೆದರು. ಆ ಹಲಗೆಗಳನ್ನು ಆಮೇಲೆ ಮ್ಯೂಸಿಯಮ್ಮಿಗೆ ಕೊಟ್ಟರು. ಆ ಫೈನಲ್‌ನಿಂದ ವ್ಯಾಂಕೂವರಿಗೆ ದಕ್ಕಿದ್ದು ಅವೇ.