ನಳದ ನೀರೂ ನೌಕಾದಳವೂ

ಗದಗ-ಬೆಟಗೇರಿ ಕಡೆಯ ಹುಡುಗ ಮಿಲಿಟರಿಗೆ ಹೋದ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನೌಕಾದಳಕ್ಕೆ ಹೋದ ಅಂದರೆ ಮಾತ್ರ ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ನಮ್ಮ ಮನೆಯ ಅಂಗಳದಲ್ಲಿ ಸಾಲಾಗಿ ನಿಂತ ಡ್ರಮ್ಮುಗಳ ಕಡೆ ನೋಡುತ್ತಾರೆ. ನಮ್ಮಲ್ಲಿ ನೀರೆಂದರೆ ನಳ ಬಿಟ್ಟ ದಿನ ಕೊಡ, ಹಂಡೆ, ಬಕೆಟ್ಟು, ಕಡೆಗೆ ಚರಿಗೆಯನ್ನೂ ಬಿಡದೆ ತುಂಬಿಟ್ಟುಕೊಂಡು ಮುಂದಿನ ಸಲದವರೆಗೆ ಅಳೆದು ಬಳಸುವ ಪದಾರ್ಥ. ಅಂಥ ಮನೆಯಲ್ಲಿ ಬೆಳೆದ ನನ್ನ ಮಗ, ಶಾಲೆಯ ಪ್ರವಾಸದಲ್ಲಿ ಗೋಕರ್ಣದ ಸಮುದ್ರಕ್ಕೆ ಮೊಣಕಾಲಮಟ ಇಳಿದು ತೆರೆ ಬಂತೆಂದು ವಾಪಸು ಓಡಿಬಂದವನು, ನಾಲ್ಕು ವರ್ಷದ ಸೇವೆಗೆ ಅಗ್ನಿವೀರನಾಗಿ ಆಯ್ಕೆಯಾಗಿ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ತರಬೇತಿಗೆ ಹೊರಟ. ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ಗುಂತಕಲ್, ವಿಜಯವಾಡ, ವಿಶಾಖಪಟ್ಟಣ ದಾಟಿ ಖುರ್ದಾ ರೋಡಿನಲ್ಲಿ ಇಳಿಯುವುದು. ಬೀಳ್ಕೊಡಲು ಬಂದ ನಮ್ಮ ಪೈಕಿ ಅಳದೆ ಇದ್ದದ್ದು ಅವನೊಬ್ಬನೇ. ಅವನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು.

ಮಗ ಹೋದ ಮರುದಿನದಿಂದಲೇ ನಮ್ಮ ಅತ್ತೆ ಮುಂಜಾನೆ ಎದ್ದೊಡನೆ ಕೇಳಲು ಶುರುಮಾಡಿದರು. "ಹಡಗ ಈಗ ಎಲ್ಲಿ ಐತಿ?"

"ಅತ್ತಿ, ಅದು ಹಡಗಲ್ಲ. ನೆಲದ ಮ್ಯಾಲೆ ಕಟ್ಟಿದ ತರಬೇತಿ ಕೇಂದ್ರ."

"ಮತ್ತ ಅದಕ್ಕ ಹಡಗಿನ ಹೆಸರು ಯಾಕ ಇಟ್ಟಾರ?"

ನೌಕಾದಳದ ರೂಢಿಯೇ ಹಾಗೆ, ದಡದ ಮೇಲಿನ ನೆಲೆಗೂ ಹಡಗಿನ ಹಾಗೆ ಐಎನ್‌ಎಸ್ ಎಂದೇ ಹೆಸರು ಹಚ್ಚುತ್ತಾರೆ, ನಮ್ಮ ಕಾರವಾರದ ನೆಲೆಗೆ ಐಎನ್‌ಎಸ್ ಕದಂಬ ಅಂತಿಲ್ಲವೇ ಎಂದೆ. ಹಾಗೆ ಹೇಳಿದ್ದು ಹೆಚ್ಚಾಯಿತು. ಕಾರವಾರ ಇಷ್ಟು ಹತ್ತಿರ ಇರುವಾಗ ಹುಡುಗನನ್ನು ಅಷ್ಟು ದೂರ ಒಯ್ದದ್ದೇಕೆ, ಇದರ ಹಿಂದೆ ಯಾರ ಕೈವಾಡವಿದೆ ಎಂಬ ವಿಚಾರಣೆ ಎರಡು ಹೊತ್ತಿನ ಊಟ ಮುಗಿಯುವತನಕ ನಡೆಯಿತು. ಚಿಲ್ಕಾ ದೊಡ್ಡ ಸರೋವರ, ಅರ್ಧ ಸಿಹಿ ಅರ್ಧ ಉಪ್ಪು, ಚಳಿಗಾಲದಲ್ಲಿ ದೂರದೇಶದಿಂದ ಹಕ್ಕಿಗಳು ಬರುತ್ತವೆ, ಡಾಲ್ಫಿನ್ ಕೂಡ ಇವೆ ಎಂದು ನಮ್ಮ ಮನೆಯವರು ಮೊಬೈಲಿನಲ್ಲಿ ಫೋಟೋ ತೋರಿಸಿ ಸಮಾಧಾನ ಮಾಡಲು ನೋಡಿದರು. ಅತ್ತೆ ಕನ್ನಡಕ ಏರಿಸಿಕೊಂಡು ಆ ನೀರನ್ನು ಬಹಳ ಹೊತ್ತು ನೋಡಿ, "ಇಷ್ಟೂ ನೀರು ಸುಮ್ಮನ ನಿಂತೈತೇನು?" ಅಂದರು. ಹಕ್ಕಿಯೂ ಬೇಡ, ಡಾಲ್ಫಿನ್ನೂ ಬೇಡ.

ಬಂಧುಗಳ ಪ್ರಶ್ನೆಗಳು ಬೇರೆ ಬಗೆಯವು. ಅವರಿಗೆ ಸಮುದ್ರ ಬೇಕಿಲ್ಲ, ಲೆಕ್ಕ ಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದಾಗ ಟೀವಿಯಲ್ಲಿ ಕೇಳಿದ್ದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ 21,000, ಉಳಿದದ್ದು ಸೇವಾನಿಧಿಗೆ, ಸರಕಾರವೂ ಅಷ್ಟೇ ಹಾಕಿ ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ 11.71 ಲಕ್ಷ. ನನಗಿಂತ ಚೆನ್ನಾಗಿ ನನ್ನ ನಾದಿನಿಯ ಗಂಡನಿಗೆ ಗೊತ್ತು. "ಆಮ್ಯಾಲೆ ನೂರಕ್ಕ 25 ಮಂದೀನ ಇಟ್ಕೋತಾರ. ನಿಮ್ಮವ ಆ ಇಪ್ಪತ್ತೈದರಾಗ ಬರ್ತಾನೋ, ಎಪ್ಪತ್ತೈದರಾಗೋ?" ಎಂದು ಕೇಳಿ, ಉತ್ತರ ಈಗಲೇ ಬೇಕೆಂಬಂತೆ ಕೂತರು. ಹುಡುಗ ಅಲ್ಲಿ ಇನ್ನೂ ಬೂಟಿನ ಲೇಸು ಕಟ್ಟುವುದನ್ನು ಕಲಿಯುತ್ತಿದ್ದ.

ಒಂದು ಉಪಕಾರವಂತೂ ಆಯಿತು. ಅಗ್ನಿವೀರರು ಆ ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಅತ್ತೆಯ ತಲೆಯಲ್ಲಿ ಆಗಲೇ ಮುಂಡರಗಿ ಕಡೆಯದೊಂದು, ಕೊಪ್ಪಳ ಕಡೆಯದೊಂದು ಹುಡುಗಿ ಓಡಾಡುತ್ತಿದ್ದವು. ಭಾರತ ಸರಕಾರವೇ ಬೇಡ ಅಂದಿದೆ ಎಂದಾಗ, "ಸರಕಾರಕ್ಕ ಯಾಕ ಬೇಕಾಗಿತ್ತು ಈ ಉಸಾಬರಿ" ಎಂದು ಗೊಣಗಿ ಸುಮ್ಮನಾದರು. ನನ್ನ ಮಾತಿಗೆ ಈ ಮನೆಯಲ್ಲಿ ಇಷ್ಟು ಬೇಗ ಬೆಲೆ ಸಿಕ್ಕ ನೆನಪು ನನಗಿಲ್ಲ.

ಎದುರುಮನೆಯ ಕಾಕಾ ಅವರದು ಎಲ್ಲಕ್ಕಿಂತ ನೇರವಾದ ದೇಶಭಕ್ತಿ. ದಿನಾ ಸಂಜೆ ಗೇಟಿನ ಹತ್ತಿರ ಬಂದು ಕೇಳುತ್ತಾರೆ: "ಹುಡುಗ ಆರಾಮದಾನೇನವಾ? ಮಿಲಿಟರಿ ಕ್ಯಾಂಟೀನ್ ಕಾರ್ಡ್ ಯಾವಾಗ ಬರ್ತೈತಂತ?"

ತರಬೇತಿಯಲ್ಲಿರುವ ಮಕ್ಕಳಿಗೆ ಧೈರ್ಯ ತುಂಬುವುದು ಹೇಗೆ ಎಂದು ಹೇಳುವವರು ಊರ ತುಂಬ ಇದ್ದಾರೆ. ಫೋನಿನಲ್ಲಿ ಅಳಬೇಡಿ, ಮನೆಯ ಕಷ್ಟ ಹೇಳಬೇಡಿ, ಹುರುಪಿನ ಮಾತಾಡಿ. ನಾನೂ ಹುರುಪಿನ ಮಾತುಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆದರೆ ಅದನ್ನು ಓದಲು ಫೋನು ಬರಬೇಕಲ್ಲ? ತರಬೇತಿಯ ಹುಡುಗರ ಕೈಗೆ ಮೊಬೈಲು ಸಿಗುವುದು ಅವರು ಕೊಟ್ಟಾಗ, ಅದೂ ಕೊಂಚ ಹೊತ್ತು. ಯಾವಾಗ ಬರುತ್ತದೆ, ಯಾವ ನಂಬರಿನಿಂದ ಬರುತ್ತದೆ ಹೇಳುವಂತಿಲ್ಲ. ಹೀಗಾಗಿ ಗುರುತಿಲ್ಲದ ನಂಬರನ್ನು ಮುಟ್ಟದಿದ್ದ ನಮ್ಮ ಮನೆ, ಈಗ ಬಂದ ಕರೆಯನ್ನೆಲ್ಲ ಮೊದಲ ರಿಂಗಿಗೇ ಎತ್ತುತ್ತದೆ. ಸಾಲ ಕೊಡುವವರು, ಸೈಟು ಮಾರುವವರು, ವಿಮೆ ಮಾಡಿಸುವವರು, ಎಲ್ಲರಿಗೂ ನಮ್ಮಲ್ಲಿ ಸಿಗುವ ಮೊದಲ ಮಾತು, "ತಮ್ಮಾ, ಉಂಡೇನು?" ಬೆಂಗಳೂರಿನಿಂದ ಮಾತಾಡಿದ ಕ್ರೆಡಿಟ್ ಕಾರ್ಡಿನ ಹುಡುಗನೊಬ್ಬ ಸ್ವಲ್ಪ ತಡೆದು, "ಇಲ್ಲಮ್ಮ, ಇನ್ನೂ ಟಾರ್ಗೆಟ್ ಆಗಿಲ್ಲ" ಅಂದ. ಪಾಪ.

ಆಮೇಲೆ ಬಂದದ್ದು ಆ ಕರೆ. ಹಿಂದಿಯಲ್ಲಿ ಗಡಸು ದನಿ. ಪೊಲೀಸ್ ಠಾಣೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ. ನನ್ನ ಕೈಕಾಲು ತಣ್ಣಗಾದವು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಫೋನು ಕಸಿದುಕೊಂಡಿದ್ದರು. ಅವರ ಹಿಂದಿ ಸಂತೆಯಲ್ಲಿ ಕಲಿತದ್ದು, ಬಟ್ಟೆಯ ಚೌಕಾಸಿಗೆ ಸಾಕಾಗುತ್ತದೆ. ಅವರಿಗೆ ತಿಳಿದದ್ದು ಎರಡೇ ಮಾತು: ಹುಡುಗ, ನಮ್ಮ ಹತ್ತಿರ. ಚಿಲ್ಕಾದ ದೊಡ್ಡ ಸಾಹೇಬರೇ ಫೋನು ಮಾಡಿದ್ದಾರೆ ಎಂದುಕೊಂಡು, ಸೆರಗು ಸರಿಮಾಡಿಕೊಂಡು, "ನಮಸ್ಕಾರ್ರೀ ಸಾಹೇಬ್ರ, ಛಲೋ ನೋಡ್ಕೊಳ್ರಿ. ಸ್ವಲ್ಪ ಅವಂಗ ಕೊಡ್ರಿ, ಮಾತಾಡ್ತೇನಿ" ಅಂದರು. ಆ ಕಡೆಯವನಿಗೂ ಅದೇ ಬೇಕಿತ್ತೇನೋ. ಒಬ್ಬ ಹುಡುಗ ಫೋನಿಗೆ ಬಂದು, "ಮಮ್ಮೀ, ಬಚಾ ಲೋ!" ಎಂದು ಬಿಕ್ಕಿಬಿಕ್ಕಿ ಅಳತೊಡಗಿದ.

"ಮಮ್ಮಿ? ನಮ್ಮವ ಅವ್ವಾ ಅಂತಾನಲ್ಲೋ. ನೀ ಯಾರಪಾ?"

ಅಳು ಇನ್ನೂ ಜೋರಾಯಿತು. ಅತ್ತೆಯ ಕರುಳು ಚುರ್ ಎಂದಿತು. "ಅಳಬ್ಯಾಡೋ ಎಪ್ಪಾ. ಹೊಸದಾಗಿ ಹಂಗ ಆಕ್ಕೈತಿ. ನಿನ್ನ ಬಾಜೂ ನಮ್ಮ ಹುಡುಗ ಅದಾನ ನೋಡು, ಗದಗಿನವ, ಅವನ ಕೂಡ ಇರು. ಹೊಟ್ಟಿ ತುಂಬ ಉಣ್ಣು."

ಈ ಹೊತ್ತಿಗೆ ನನಗೆ ಜೀವ ಬಂದಿತ್ತು. ಮಗನಿರುವುದು ನೌಕಾದಳದ ಕಾವಲಿನ ಗೇಟಿನೊಳಗೆ. ನಾವೇ ಒಳಗೆ ಹೋಗಲಾಗದಾಗ ಅವನು ಹೊರಗೆ ಬಂದು ಯಾವ ಠಾಣೆಯಲ್ಲಿ ಸಿಕ್ಕಿಬಿದ್ದಾನು? ಇತ್ತೀಚೆಗೆ ಹೀಗೆ ಹೆದರಿಸಿ ಹಣ ಕೀಳುವವರ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿದೆ. ಗಡಸು ದನಿಯವನು ಮತ್ತೆ ಬಂದು ಹಣದ ಮಾತೆತ್ತಿದಾಗ ಅತ್ತೆ ಗದರಿದರು. "ಅದನ್ನ ಆಮ್ಯಾಲೆ ಹೇಳ್ರಿ. ಮೊದಲ ಆ ಹುಡುಗಗ ಒಂದ ಗಲಾಸ್ ನೀರು ಕೊಡ್ರಿ." ಫೋನು ಕಟ್ಟಾಯಿತು. ನಮ್ಮ ಮನೆಯವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ದೂರು ಹೇಳಿದರು. ಅವರು ಮೋಸಗಾರರು ಎಂದು ನಾವಿಬ್ಬರೂ ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಒಪ್ಪಿಲ್ಲ. ಮುಂದೆ ಮಗ ಖರೇನೇ ಫೋನು ಮಾಡಿದಾಗ ಅವರ ಮೊದಲ ಪ್ರಶ್ನೆ, "ಆ ಅಳೂ ಹುಡುಗ ಈಗ ಹೆಂಗದಾನ?" ಅವನು ಗಾಬರಿಯಾಗಿ, "ಆಯೀ, ನಿನಗ ಯಾರು ಹೇಳಿದ್ರು?" ಎಂದ. ಇವನ ಬ್ಯಾರಕ್ಕಿನಲ್ಲಿ ಅಳುವ ಹುಡುಗನೊಬ್ಬ ನಿಜವಾಗಿಯೂ ಇದ್ದ. ಅಂದಿನಿಂದ ಅತ್ತೆಯೆದುರು ನಾವು ಆ ವಿಷಯ ಎತ್ತುವುದಿಲ್ಲ.

ನಮ್ಮ ಮನೆಯವರ ಬೆಂಬಲದ ರೀತಿ ಬೇರೆ. ಮೊದಲ ತಂಡದ ಅಗ್ನಿವೀರರ ನಿರ್ಗಮನ ಪಥಸಂಚಲನದ ವಿಡಿಯೋವನ್ನು ಊಟ ಬಿಟ್ಟಾರು, ಅದನ್ನು ಬಿಡರು. ಅದು 2023ರ ಮಾರ್ಚ್ 28ರದ್ದು. ಸಾಮಾನ್ಯವಾಗಿ ಬೆಳಗಿನಲ್ಲಿ ನಡೆಯುತ್ತಿದ್ದ ಕವಾಯತನ್ನು ಅಂದು ಸೂರ್ಯ ಮುಳುಗಿದ ಮೇಲೆ ದೀಪದ ಬೆಳಕಿನಲ್ಲಿ ನಡೆಸಿದ್ದರು. ಸಾಲಿನಲ್ಲಿ ಹುಡುಗಿಯರೂ ಇದ್ದಾರೆ, ನೋಡಲು ಚೆಂದವೇ. ಆದರೆ ನಮ್ಮ ಮಗ ಆಗ ಪಿಯುಸಿ ಕೂಡ ಮುಗಿಸಿರಲಿಲ್ಲ. ಇವರು ಮಾತ್ರ ವಿಡಿಯೋ ನಿಲ್ಲಿಸಿ, ಹಿಗ್ಗಿಸಿ, "ಈ ಮೂರನೇ ಸಾಲಿನಾಂವ ನಮ್ಮವನ ಹಂಗ ಇಲ್ಲೇನು?" ಎನ್ನುತ್ತಾರೆ. ಆ ತಂಡದ ತರಬೇತಿ 16 ವಾರದ್ದಾಗಿತ್ತು ಎಂದು ಓದಿದ ದಿನವೇ ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಬುಕ್ ಮಾಡಲು ಕೂತರು. ಅಷ್ಟು ಮುಂದಿನ ತಾರೀಖಿಗೆ ಟಿಕೆಟ್ ಕೊಡುವುದಿಲ್ಲ ಎಂದು ರೈಲ್ವೆಯ ಮೇಲೆ ಸಿಟ್ಟಾದರು.

ಸಿಟ್ಟು ಇಳಿದ ಮೇಲೆ ಚಟ್ನಿಗೆ ಕೈಹಾಕಿದರು. ಮಗ ಹೋಗುವಾಗಲೇ ಹೇಳಿದ್ದ, ತಿನ್ನುವ ಸಾಮಾನು ಕಳಿಸಬೇಡಿ ಎಂದು. ಇವರು ನನಗೂ ಹೇಳದೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿಯ ಕಟ್ಟು, ಒಂದು ಬಾಟಲಿ ತುಪ್ಪ ಎಲ್ಲವನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ತುಪ್ಪ ದಾರಿಯಲ್ಲೇ ಬಾಟಲಿ ಬಿಟ್ಟು ಹೊರಬಂದಿತು. ಪಾರ್ಸಲ್ಲನ್ನು ಎಲ್ಲರೆದುರು ಬಿಚ್ಚಿಸಿದರಂತೆ. ರೊಟ್ಟಿ ಪುಡಿಯಾಗಿ, ಚಟ್ನಿಯೂ ತುಪ್ಪವೂ ಅದಕ್ಕೆ ಬೆರೆತು, ಏನೆಂದು ಹೇಳಲಾಗದ ಒಂದು ಮುದ್ದೆಯಾಗಿತ್ತು. ಇದೇನು ಎಂದು ಅಲ್ಲಿನವರು ಕೇಳಿದ್ದಕ್ಕೆ ಮಗ ಎದೆ ಸೆಟೆಸಿ, "ಪ್ರಸಾದ, ಸರ್" ಎಂದನಂತೆ. ಪ್ರಸಾದವೆಂದ ಮೇಲೆ ಎಸೆಯುವ ಹಾಗಿಲ್ಲ. ಪಂಜಾಬಿನವನೂ ಬಿಹಾರದವನೂ ಕೇರಳದವನೂ ಒಂದೊಂದು ಚಿಟಿಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡರು. ಬ್ಯಾಡಗಿಯ ಜೊತೆಗೆ ಗುಂಟೂರು ಮೆಣಸಿನಕಾಯಿಯನ್ನೂ ಹಾಕಿ ಕುಟ್ಟಿದ ಚಟ್ನಿ ಅದು.

ಕ್ಯಾಲೆಂಡರಿನ ಹಿಂದಿನ ನನ್ನ ಹುರುಪಿನ ಮಾತುಗಳು ಹಾಗೇ ಉಳಿದಿವೆ. ಫೋನು ಬಂತೆಂದರೆ ಅವನ ಮೊದಲ ಪ್ರಶ್ನೆ, "ಯವ್ವಾ, ನೀರು ಬಂತೇನು?" ನಾನು ದೇಶ, ಶಿಸ್ತು, ಧೈರ್ಯ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ನಳದವನು ಎಷ್ಟು ಹೊತ್ತಿಗೆ ಬಿಟ್ಟ, ಹಿತ್ತಲಿನ ಡ್ರಮ್ಮಿನ ತೂತಿಗೆ ಡಾಂಬರು ಹಚ್ಚಿಸಿದರೋ, ಓಣಿಯಲ್ಲಿ ಯಾರು ಯಾರ ಜೊತೆ ಜಗಳ ತೆಗೆದರು, ಇವೇ ಬೇಕು. ಎರಡು ಕೊಡಕ್ಕಾಗಿ ನಡೆದ ಜಗಳವನ್ನು ನಾನು ಸವಿಸ್ತಾರವಾಗಿ ಹೇಳಿದ ದಿನ ಅವನು ನಕ್ಕಷ್ಟು, ಮನೆಯಲ್ಲಿದ್ದಾಗ ಒಮ್ಮೆಯೂ ನಕ್ಕಿರಲಿಲ್ಲ. ಮನೆಯ ಕಷ್ಟ ಹೇಳಬೇಡಿ ಎನ್ನುವವರು ಇದನ್ನು ಯಾವ ಖಾನೆಯಲ್ಲಿ ಬರೆಯುತ್ತಾರೋ ಕಾಣೆ.

ಅಲ್ಲಿ ಈಜು ಕಡ್ಡಾಯ. ಕಲಿತು, ಪರೀಕ್ಷೆ ಪಾಸಾಗಲೇಬೇಕು. ಮೊದಮೊದಲು ಹೊಟ್ಟೆಯೊಳಗೆ ಹೋದ ನೀರು ಹೊರಗೆ ಉಳಿದದ್ದಕ್ಕಿಂತ ಹೆಚ್ಚು ಎಂದ. "ಕುಡಿಯೂ ನೀರಿನಾಗ ಈಜ್ತಾರೇನು?" ಎಂದು ಅತ್ತೆ ದಂಗಾದರು. ನೌಕಾದಳದ ಧ್ಯೇಯವಾಕ್ಯ "ಶಂ ನೋ ವರುಣಃ", ವರುಣದೇವ ನಮಗೆ ಒಳ್ಳೆಯದು ಮಾಡಲಿ ಎಂದು. ನಮ್ಮ ಮನೆಯವರು ಅದನ್ನು ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದು ನಳದ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಮಗನ ಸಲುವಾಗಿಯೋ ನಳದ ಸಲುವಾಗಿಯೋ, ಕೇಳಿದರೆ ಹೇಳುವುದಿಲ್ಲ.

ಮೊನ್ನೆ ಭಾನುವಾರ ವರುಣನಿಗೆ ಏನನ್ನಿಸಿತೋ, ಎರಡನ್ನೂ ಒಟ್ಟಿಗೆ ಕೊಟ್ಟ. ನಳ ಗೊರಗೊರ ಎನ್ನುವುದಕ್ಕೂ ಮಗನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಫೋನು ಹಿಡಿದು ಕೂತರೆ ನೀರು ಹೋಗುತ್ತದೆ, ನೀರಿಗೆ ನಿಂತರೆ ಮಗ ಹೋಗುತ್ತಾನೆ. ಸ್ಪೀಕರ್ ಹಾಕಿ ಫೋನನ್ನು ಹಂಡೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. "ನೀರು ಬಂತೇನು?" ಎಂದ. ಉತ್ತರವನ್ನು ನಳವೇ ಕೊಟ್ಟಿತು. ಆಮೇಲೆ ಕೇಳಿಸಿದ ದನಿ ನಾವು ರೈಲು ಹತ್ತಿಸಿ ಕಳಿಸಿದ ಹುಡುಗನದಲ್ಲ.

"ಅಪ್ಪಾ, ಪೈಪು! ಮೊದಲ ಕುಡಿಯೂ ನೀರು ಹಿಡೀರಿ! ಯವ್ವಾ, ನೀ ಕೊಡ ಎತ್ತಬ್ಯಾಡ, ಬಕೆಟ್ ಮುಂದ ತಳ್ಳು! ಡ್ರಮ್ ನಂಬರ್ ಎರಡು ತುಂಬಿತೇನು? ವರದಿ ಮಾಡ್ರಿ!"

"ತುಂಬೇತ್ರೀ!" ಎಂದರು ನಮ್ಮ ಮನೆಯವರು, ಪೈಪು ಹಿಡಿದು ನೆಟ್ಟಗೆ ನಿಂತು. ಮಗನಿಗೆ ರೀ ಅಂದದ್ದು ಅವರ ಗಮನಕ್ಕೂ ಬರಲಿಲ್ಲ.

ಅವನಿಗೆ ಸಿಕ್ಕ ಸಮಯವೆಲ್ಲ ನಮ್ಮ ಹಿತ್ತಲಿನಲ್ಲೇ ಖರ್ಚಾಯಿತು. ಉಂಡೆಯಾ, ಮಲಗಿದೆಯಾ ಎಂದು ಕೇಳಲೂ ಆಗಲಿಲ್ಲ. ಕಡೆಗೆ ಚರಿಗೆ ಹಿಡಿದು ನಿಂತಿದ್ದ ಅತ್ತೆ ಫೋನಿಗೆ ಬಾಯಿ ಹಚ್ಚಿ ಕೂಗಿದರು. "ಸಾಹೇಬ್ರ, ಚರಿಗಿ ಅಷ್ಟ ಉಳದೈತ್ರೀ!"

"ಅದನ್ನೂ ತುಂಬ ಆಯೀ!" ಎಂಬ ಅಪ್ಪಣೆ ಬಂತು. ಲೈನು ಕಟ್ಟಾಯಿತು, ನೀರಿನ್ನೂ ಬರುತ್ತಿತ್ತು. ಗೇಟಿನ ಹತ್ತಿರ ಕಾಕಾ ಎರಡು ಖಾಲಿ ಕೊಡ ಹಿಡಿದು ನಿಂತಿದ್ದರು. ಆ ಹೊತ್ತು ಕ್ಯಾಂಟೀನಿನ ಸುದ್ದಿ ಎತ್ತಲಿಲ್ಲ.