ಮಾತು ಬಿಟ್ಟವರ ಬಿಪಿ

ಮುಂಬೈ ಲೋಕಲ್ ರೈಲಿನಲ್ಲಿ ಸೀಟಿಗಾಗಿ ಇಬ್ಬರು ಗಂಟಲು ಹರಿಯುವಂತೆ ಕೂಗಾಡುತ್ತಾರೆ. ದಾದರ್ ಬರುವಷ್ಟರಲ್ಲಿ ಒಬ್ಬರ ಬ್ಯಾಗನ್ನು ಇನ್ನೊಬ್ಬರು ಎತ್ತಿಕೊಡುತ್ತಿರುತ್ತಾರೆ. ತೀರ್ಥಹಳ್ಳಿ ಕಡೆಯ ನನಗೆ ಇದು ಇವತ್ತಿಗೂ ಬೆರಗು. ನಮ್ಮಲ್ಲಿ ಕೂಗಾಟ ಕಡಿಮೆ. ನಾವು ಮಾತು ಬಿಡುತ್ತೇವೆ.

ತೋಟದ ಗಡಿಗೆ ತೋಡಿದ ಅಗಳ ಒಂದು ಮೊಳ ಈಚೆ ಬಂತು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಮರ ಕಡಿದರು, ತೋಟದ ನೀರು ತಿರುಗಿಸಿದರು. ಅಷ್ಟು ಸಾಕು. ಅಣ್ಣ ತಮ್ಮಂದಿರು ಅಕ್ಕಪಕ್ಕದ ಮನೆಯಲ್ಲೇ ವರ್ಷಗಟ್ಟಲೆ ಮುಖ ನೋಡದೆ ಬದುಕುತ್ತಾರೆ. ಮದುವೆ ಮನೆಯಲ್ಲಿ ಬೇರೆ ಬೇರೆ ಪಂಕ್ತಿಗೆ ಕೂರುತ್ತಾರೆ. ಹೊರಗಿನವರು ಮಾತ್ರ ಕಾಡು, ಮಳೆ, ಒಳ್ಳೆ ಗಾಳಿ ನೋಡಿ, ಇಲ್ಲಿಯವರಿಗೆ ಹಾರ್ಟ್ ತೊಂದರೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದಯ ವೈದ್ಯರಾದ ಮೇಯರ್ ಫ್ರೀಡ್ಮನ್ ಮತ್ತು ರೇ ರೋಸೆನ್ಮನ್ ಸದಾ ಅವಸರ, ಪೈಪೋಟಿ, ಸಿಡುಕಿನ ಸ್ವಭಾವವನ್ನು 'ಟೈಪ್ ಎ' ಎಂದು ಕರೆದರು. ಇಂಥವರಿಗೆ ಹೃದಯಾಘಾತ ಜಾಸ್ತಿ ಎಂದರು. ಆಮೇಲಿನ ಎಷ್ಟೋ ಅಧ್ಯಯನಗಳಲ್ಲಿ ಆ ಮಾತು ರುಜುವಾಗಲಿಲ್ಲ. ಅವಸರಕ್ಕಿಂತ ಹಗೆತನ, ಯಾರನ್ನೂ ನಂಬದ ಗುಣವೇ ಹೃದಯಕ್ಕೆ ಹೆಚ್ಚು ಕೆಟ್ಟದ್ದು ಎಂಬ ಕಡೆಗೆ ಸಂಶೋಧಕರು ವಾಲಿದರು. ಮುಂಬೈಯ ಓಟ ನೋಡಿ ಹೆದರುವ ನಮ್ಮೂರಿನವರು ಇದನ್ನು ಗಮನಿಸಬೇಕು.

ಸಿಟ್ಟು ಬಂದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಎದೆಬಡಿತ ಹೆಚ್ಚಿ, ರಕ್ತನಾಳ ಬಿಗಿದು, ಬಿಪಿ ಮೇಲೆ ಹೋಗುತ್ತದೆ. ಸಿಟ್ಟು ಇಳಿದರೆ ಅದೂ ಇಳಿಯುತ್ತದೆ. ಆದರೆ ಹಳೆ ಜಗಳವನ್ನು ಸುಮ್ನೆ ನೆನೆಸಿಕೊಂಡರೂ ಬಿಪಿ ಮತ್ತೆ ಏರಬಹುದು. ದಿನಾ ಬೆಳಗ್ಗೆ ತೋಟಕ್ಕೆ ಇಳಿದರೆ ಅಗಳದಾಚೆ ಅದೇ ಮುಖ ಕಾಣುತ್ತದಲ್ವಾ?

ಹಾಗಂತ ಕೂಗಾಡಿ ಎನ್ನುತ್ತಿಲ್ಲ. ವಿಪರೀತ ಸಿಟ್ಟು ಬಂದ ಮೇಲಿನ ಎರಡು ಗಂಟೆ ಹೃದಯಾಘಾತದ ಅಪಾಯ ಹೆಚ್ಚು ಎಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಮುಂಬೈಯವರ ಗಂಟಲು ನಮಗೆ ಬೇಡ. ಜಗಳವನ್ನು ಅಲ್ಲಿಗೇ ಮುಗಿಸುವ ಅವರ ಗುಣ ಬೇಕು.

ಬಿಪಿ 140/90 ದಾಟಿತು ಎಂದರೆ ನಮ್ಮ ಮನೆಗಳಲ್ಲಿ ಮೊದಲು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅಟ್ಟ ಸೇರುತ್ತದೆ. ಸರಿಯೇ, ಉಪ್ಪು ಕಡಿಮೆಯಾಗಬೇಕು. ಡಾಕ್ಟರು ಬರೆದ ಮಾತ್ರೆಯನ್ನೂ ಬಿಡಬಾರದು. ಆದರೆ "ಯಾರ ಜೊತೆ ಮಾತು ಬಿಟ್ಟಿದ್ದೀರಿ?" ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಸಲೀಂ ಯೂಸುಫ್ ಮುಂದಾಳತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. 2004ರಲ್ಲಿ ಬಂದ ಅದರ ವರದಿ, ಹೃದಯಾಘಾತದ ಅಪಾಯ ಹೆಚ್ಚಿಸುವ ಸಿಗರೇಟು, ಸಕ್ಕರೆ ಕಾಯಿಲೆಗಳ ಸಾಲಿನಲ್ಲೇ ಮನಸ್ಸಿನ ಒತ್ತಡವನ್ನೂ ಇಟ್ಟಿದೆ.

ಊರಿನ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಅಗಳದ ತಕರಾರಿದ್ದರೆ ಸರ್ವೆಯರ್ ಕರೆಸಿ ಹದ್ದುಬಸ್ತು ಮಾಡಿಸಿ. ಕಲ್ಲು ನೆಟ್ಟ ದಿನವೇ ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿಸಿ. ನೀರಿನ ಸರದಿಯನ್ನೂ ಅಲ್ಲೇ ಬರೆದಿಡಿ. ಈ ಸಲದ ಅಡಿಕೆ ಕೊಯ್ಲು ಶುರುವಾಗುವ ಮುಂಚೆಯೇ ಇದು ಆಗಲಿ.