ನಂದಿಯ ವೈನೂ ಬೆಂಗಳೂರು ಬ್ಲೂ ದ್ರಾಕ್ಷಿಯೂ: ಒಂದು ಸ್ಪಷ್ಟನೆ

‘ನಂದಿ ಬೆಟ್ಟದ ಕೆಂಪು ವೈನ್ ಅಂದ್ರೆ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯದ್ದೇ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ಸತ್ಯ ಅಷ್ಟೇ.

ಬೆಂಗಳೂರು ಬ್ಲೂ ಹಣ್ಣನ್ನು ಬೆರಳಲ್ಲಿ ಒತ್ತಿ ನೋಡಿ: ಸಿಪ್ಪೆ ಕೈಯಲ್ಲೇ ಉಳಿದು, ಲೋಳೆ ತಿರುಳು ಪುಳಕ್ಕನೆ ಜಾರುತ್ತದೆ. ಗಾಢ ಪರಿಮಳ ಬೇರೆ. ಅದು ಜ್ಯೂಸ್, ಜಾಮ್‌ಗೆ ಸೈ. ಅಗ್ಗದ ಸಿಹಿ ‘ಪೋರ್ಟ್’ ವೈನಿಗೂ ಹೋಗುತ್ತದೆ, ಗೊಂದಲದ ಮೂಲ ಬಹುಶಃ ಇದೇ. ಆದರೆ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಇರುವ ಗ್ರೋವರ್ ದ್ರಾಕ್ಷಿ ತೋಟದವರ ಹೆಸರಾಂತ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ತಳಿಗಳದ್ದು. ಅವು ಸಣ್ಣ ಕಾಳು, ದಪ್ಪ ಸಿಪ್ಪೆ, ತಿನ್ನಲು ಅಷ್ಟಕ್ಕಷ್ಟೇ.

‘ಈ ತೋಟಕ್ಕೆ ಯಾವಾಗ ಹೋದರೂ ಗೊಂಚಲು ನೋಡಬಹುದು’ ಎಂಬ ಮಾತೂ ತಪ್ಪು. ಈ ವೈನ್ ದ್ರಾಕ್ಷಿಗೆ ಫೆಬ್ರುವರಿ–ಮಾರ್ಚ್ ಕೊಯ್ಲಿನ ಕಾಲ. ಆಗಸ್ಟಿನಲ್ಲಿ ಹೋದರೆ ಸಿಗುವುದು ಹಸಿರೆಲೆ ಮತ್ತು ತಂಗಾಳಿ.